ಲೋಹದ ಗ್ರೇನ್ ಸಣ್ಣದು ಮಾಡಬೇಕು: ಇಕ್ಯಾಪ್, ಎಚ್‌ಪಿಟಿ, ಎಆರ್‌ಬಿ, ಎಂಡಿಎಫ್‌ನಲ್ಲಿ ನಿಮಗೆ ಯಾವುದು?

ಯಾವ ವಿಧಾನದಲ್ಲಿ ಗ್ರೇನ್ ಎಲ್ಲಕ್ಕಿಂತ ಸಣ್ಣ ಆಗುತ್ತದೆ ಎಂದು ನೋಡಿ ಆರಿಸಬೇಡಿ. ನಿಮ್ಮ ಕೈಯಲ್ಲಿರುವುದು ಸರಳೋ, ಶೀಟೋ, ಎರಕದ ಪೀಸೋ? ಕೆಲಸ ಮುಗಿದ ಮೇಲೆ ಎಷ್ಟು ದೊಡ್ಡ ತುಂಡು ಉಳಿಯಬೇಕು? ಆ ತುಂಡು ಮುಂದೆ ಎಲ್ಲಾದರೂ ಬಿಸಿಗೆ ಸಿಗುತ್ತದೆಯೇ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ವಿಧಾನಗಳು ತಾವಾಗಿಯೇ ಬಿಟ್ಟು ಹೋಗುತ್ತವೆ.

ಇದನ್ನು ಮುಖ್ಯವಾಗಿ ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಬಿ.ಇ., ಎಂ.ಟೆಕ್. ಪ್ರಾಜೆಕ್ಟಿಗೆ ಸಿವಿಯರ್ ಪ್ಲಾಸ್ಟಿಕ್ ಡಿಫಾರ್ಮೇಶನ್, ಅಂದರೆ ಎಸ್‌ಪಿಡಿ (ಲೋಹವನ್ನು ಜೋರಾಗಿ ಒತ್ತಿ ಗ್ರೇನ್ ಸಣ್ಣ ಮಾಡುವ ವಿಧಾನಗಳು) ವಿಷಯ ತೆಗೆದುಕೊಳ್ಳುವವರಿಗಾಗಿ ಬರೆಯುತ್ತಿದ್ದೇನೆ. ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿ ಕಡೆ ಡೈ ಮತ್ತು ಟೂಲ್ ಕೆಲಸ ಮಾಡುವವರೂ ಓದಬಹುದು. ಡೈ ಮಾಡಿಸಲು ಈ ಹುಡುಗರು ಬರುವುದು ನಿಮ್ಮ ಶೆಡ್ಡಿಗೇ ಅಲ್ವಾ?

ಒಳಗೆ ನಡೆಯುವುದೇನು

ಲೋಹ ಅಂದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒತ್ತಾಗಿ ಸೇರಿದ ಗಟ್ಟಿ. ಒಂದೊಂದು ಹರಳೂ ಒಂದು ಗ್ರೇನ್. ಗ್ರೇನ್ ಒಳಗೆ ಪರಮಾಣುಗಳು ಸಾಲಾಗಿ ಕೂತಿರುತ್ತವೆ. ಪಕ್ಕದ ಗ್ರೇನ್‌ನಲ್ಲಿ ಆ ಸಾಲುಗಳ ದಿಕ್ಕು ಬೇರೆ. ದಿಕ್ಕು ಬದಲಾಗುವ ಗಡಿಯೇ ಗ್ರೇನ್ ಬೌಂಡರಿ. ಲೋಹ ಬಾಗುವುದು, ಹಿಗ್ಗುವುದು ಎಲ್ಲ ಒಳಗಿನ ಡಿಸ್‌ಲೊಕೇಶನ್‌ಗಳು, ಅಂದರೆ ಪರಮಾಣು ಸಾಲುಗಳಲ್ಲಿನ ದೋಷಗಳು, ಸರಿದಾಡುವುದರಿಂದ. ಬೌಂಡರಿ ಎದುರಾದರೆ ಡಿಸ್‌ಲೊಕೇಶನ್ ಅಲ್ಲೇ ತಡೆದು ನಿಲ್ಲುತ್ತದೆ. ಹಾಗಾಗಿ ಬೌಂಡರಿ ಜಾಸ್ತಿ ಆದಷ್ಟೂ ಲೋಹ ಬಾಗಿಸುವುದು ಕಷ್ಟ.

ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಬೌಂಡರಿಯಿಂದ ಸಿಗುವ ಬಲ ಗ್ರೇನ್ ಅಳತೆಯ ವರ್ಗಮೂಲಕ್ಕೆ ವಿಲೋಮವಾಗಿ ಏರುತ್ತದೆ. 50 ಮೈಕ್ರಾನ್ ಇದ್ದ ಗ್ರೇನ್ 0.5 ಮೈಕ್ರಾನ್‌ಗೆ ಇಳಿದರೆ ಆ ಪಾಲು 10 ಪಟ್ಟು ಆಗುತ್ತದೆ. ಒಟ್ಟು ಬಲ 10 ಪಟ್ಟು ಆಗುವುದಿಲ್ಲ, ಗ್ರೇನ್ ಬೌಂಡರಿಯ ಪಾಲು ಮಾತ್ರ. ರಿಪೋರ್ಟ್ ಬರೆಯುವಾಗ ಇದನ್ನು ಮರೆಯಬೇಡಿ.

ಇನ್ನು ಒತ್ತಿದರೆ ಗ್ರೇನ್ ಯಾಕೆ ಸಣ್ಣ ಆಗುತ್ತದೆ? ಬಹಳ ರಿಪೋರ್ಟುಗಳಲ್ಲಿ "ಗ್ರೇನ್ ಒಡೆದು ಚೂರಾಯಿತು" ಎಂದು ಬರೆದಿರುತ್ತಾರೆ. ಅದು ಸರಿಯಲ್ಲ, ಏನೂ ಒಡೆಯುವುದಿಲ್ಲ. ಲೋಹವನ್ನು ಒತ್ತಿದಾಗ ಡಿಸ್‌ಲೊಕೇಶನ್‌ಗಳು ಹೆಚ್ಚುತ್ತಾ ಹೋಗುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಗೋಡೆ ಕಟ್ಟುತ್ತವೆ. ಒಂದು ದೊಡ್ಡ ಗ್ರೇನ್ ಒಳಗೆ ಹೀಗೆ ಸಣ್ಣ ಸಣ್ಣ ಸೆಲ್‌ಗಳು ಏಳುತ್ತವೆ. ಮೊದಲಿಗೆ ಗೋಡೆಯ ಈಚೆಗೂ ಆಚೆಗೂ ದಿಕ್ಕಿನ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೆ. ಒತ್ತುತ್ತಾ ಹೋದಂತೆ ಗೋಡೆ ಇನ್ನಷ್ಟು ಡಿಸ್‌ಲೊಕೇಶನ್‌ಗಳನ್ನು ನುಂಗುತ್ತದೆ, ವ್ಯತ್ಯಾಸ ಬೆಳೆಯುತ್ತದೆ. 15 ಡಿಗ್ರಿ ದಾಟಿದರೆ ಅದನ್ನು ಹೈ ಆಂಗಲ್ ಬೌಂಡರಿ ಎನ್ನುತ್ತೇವೆ. ಆಗ ಆ ಸೆಲ್ ಒಂದು ಪೂರ್ತಿ ಗ್ರೇನ್ ಆದಂತೆ.

ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ಮೊದಲ ಪಾಸ್‌ಗೇ (ಒಂದು ಸಲ ಒತ್ತಿದರೆ ಒಂದು ಪಾಸ್) ಹಾರ್ಡ್‌ನೆಸ್ ಜಿಗಿದು ಏರುತ್ತದೆ, ಎಲ್ಲರಿಗೂ ಖುಷಿ ಆಗುತ್ತದೆ. ಆದರೆ ಆಗ ಒಳಗಿರುವುದು ಬಹುಪಾಲು ಲೋ ಆಂಗಲ್ ಗೋಡೆಗಳು. ನಿಜವಾದ ಹೊಸ ಗ್ರೇನ್ ಬೇಕಾದರೆ ಮುಂದಿನ ಪಾಸ್‌ಗಳನ್ನು ಮಾಡಲೇಬೇಕು, ಹಾರ್ಡ್‌ನೆಸ್ ಅಷ್ಟೇನೂ ಏರದಿದ್ದರೂ.

ಇದಕ್ಕೆ ಒಂದು ಮಿತಿಯೂ ಇದೆ. ಒಂದು ಹಂತದ ಮೇಲೆ ಹುಟ್ಟುವ ಡಿಸ್‌ಲೊಕೇಶನ್‌ಗೂ ಅಳಿಯುವ ಡಿಸ್‌ಲೊಕೇಶನ್‌ಗೂ ಸರಿಹೋಗಿ ಗ್ರೇನ್ ಅಳತೆ ನಿಂತುಬಿಡುತ್ತದೆ. ಶುದ್ಧ ಅಲ್ಯೂಮಿನಿಯಂನಲ್ಲಿ ರಿಕವರಿ, ಅಂದರೆ ಡಿಸ್‌ಲೊಕೇಶನ್ ಅಳಿಯುವುದು, ಬೇಗ, ಅದಕ್ಕೆ ಇಕ್ಯಾಪ್‌ನಲ್ಲಿ ಸುಮಾರು 1 ಮೈಕ್ರಾನ್ ಆಸುಪಾಸಿಗೇ ನಿಲ್ಲುತ್ತದೆ. ತಾಮ್ರ 0.2–0.3 ಮೈಕ್ರಾನ್‌ವರೆಗೆ ಹೋಗುತ್ತದೆ. ಅಲ್ಯೂಮಿನಿಯಂಗೆ 3 ಪರ್ಸೆಂಟ್ ಮೆಗ್ನೀಷಿಯಂ ಸೇರಿಸಿದರೆ ಅದೂ ಅಷ್ಟಕ್ಕೇ ಇಳಿಯುತ್ತದೆ. ಅಂದರೆ ವಿಧಾನಕ್ಕಿಂತ ಮಿಶ್ರಲೋಹದ ಆಯ್ಕೆ ಎಷ್ಟೋ ಸಲ ಜಾಸ್ತಿ ಕೆಲಸ ಮಾಡುತ್ತದೆ.

ಮಾಮೂಲಿ ರೋಲಿಂಗ್ ಯಾಕೆ ಸಾಲದು?

1800ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಅದಕ್ಕೆ ದೂರದೂರಿನವರೆಗೂ ಗಿರಾಕಿ ಇತ್ತು. ಎಳೆದಷ್ಟೂ ತಂತಿ ಬಲವಾಗುತ್ತದೆ ಎಂಬುದು ನಮ್ಮ ಮಂಡ್ಯದ ಪಕ್ಕದ ಊರಿನವರಿಗೆ ಆಗಲೇ ಕೈಯಲ್ಲಿ ಇದ್ದ ವಿದ್ಯೆ. ನನಗೆ ಇದು ತುಂಬಾ ಹೆಮ್ಮೆಯ ವಿಷಯ.

ಆದರೆ ಎಳೆದಷ್ಟೂ ತಂತಿ ಸಣ್ಣ ಆಗುತ್ತದೆ, ರೋಲ್ ಮಾಡಿದಷ್ಟೂ ತಗಡು ತೆಳ್ಳಗಾಗುತ್ತದೆ. ಹತ್ತು ಮಿಲಿಮೀಟರ್ ಸರಳು ಸರಳಾಗಿಯೇ ಉಳಿಯಬೇಕು, ಒಳಗಿನ ಗ್ರೇನ್ ಮಾತ್ರ ಬದಲಾಗಬೇಕು ಎಂದರೆ ಈ ದಾರಿ ಆಗದು. ಎಸ್‌ಪಿಡಿ ವಿಧಾನಗಳ ಉಪಾಯ ಇಷ್ಟೇ: ಹೊರಗಿನ ಆಕಾರ ಸುಮಾರಾಗಿ ಹಾಗೇ ಇರುತ್ತದೆ, ಆದ್ದರಿಂದ ಅದೇ ತುಂಡನ್ನು ಮತ್ತೆ ಮತ್ತೆ ಒತ್ತಬಹುದು.

ಸರಳು ಇದ್ದರೆ ಇಕ್ಯಾಪ್

ಇಕ್ಯಾಪ್ ಅಂದರೆ ಈಕ್ವಲ್ ಚಾನಲ್ ಆಂಗ್ಯುಲರ್ ಪ್ರೆಸ್ಸಿಂಗ್. ಸೋವಿಯತ್ ಒಕ್ಕೂಟದ ಮಿನ್ಸ್ಕ್‌ನಲ್ಲಿ ಸೆಗಾಲ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಶುರು ಮಾಡಿದ್ದು. ಒಂದೇ ಅಳತೆಯ ಎರಡು ರಂಧ್ರಗಳು ಡೈ ಒಳಗೆ ಕೋನದಲ್ಲಿ ಸೇರುತ್ತವೆ. ಮೇಲಿನಿಂದ ಪಂಚ್ ಹಾಕಿ ಬಿಲ್ಲೆಟ್ (ಒತ್ತಬೇಕಾದ ಸರಳಿನ ತುಂಡು) ತಳ್ಳುತ್ತೀರಿ, ತಿರುವಿನಲ್ಲಿ ಶಿಯರ್ ಆಗಿ, ಅಂದರೆ ಪದರ ಪದರ ಜಾರಿದಂತೆ ಓರೆಯಾಗಿ, ಪಕ್ಕದಿಂದ ಹೊರಬರುತ್ತದೆ. ದಪ್ಪ ಬದಲಾಗುವುದಿಲ್ಲ.

90 ಡಿಗ್ರಿ ಡೈನಲ್ಲಿ ಒಂದು ಪಾಸ್‌ಗೆ ಸ್ಟ್ರೇನ್ (ಲೋಹ ಎಷ್ಟು ರೂಪ ಬದಲಿಸಿತು ಎಂಬ ಅಳತೆ) ಸುಮಾರು 1. 120 ಡಿಗ್ರಿ ಡೈನಲ್ಲಿ 0.6 ಚಿಲ್ಲರೆ. 90 ಡಿಗ್ರಿಯಲ್ಲಿ ಬೇಗ ಆಗುತ್ತದೆ, ಗ್ರೇನ್ ರೂಪವೂ ಚೆನ್ನಾಗಿ ಬರುತ್ತದೆ. ಆದರೆ ಲೋಡ್ ಜಾಸ್ತಿ, ಗಟ್ಟಿ ಮಿಶ್ರಲೋಹವಾದರೆ ಬಿಲ್ಲೆಟ್ ಬಿರುಕು ಬಿಡುತ್ತದೆ, ಉದ್ದ ಪಂಚ್ ಬಾಗುವ ಭಯವೂ ಇದೆ. ಮೊದಲ ಸಲ ಡೈ ಮಾಡಿಸುವವರಿಗೆ ನಾನು 120 ಡಿಗ್ರಿ ಎಂದೇ ಹೇಳುತ್ತೇನೆ. ಎರಡು ಪಾಸ್ ಹೆಚ್ಚು ಮಾಡಿದರಾಯಿತು.

ಲೋಡ್ ಲೆಕ್ಕ ಹಾಕಿ ನೋಡಿ. 10 ಮಿ.ಮೀ. ವ್ಯಾಸದ ಬಿಲ್ಲೆಟ್‌ಗೆ 500 ಮೆಗಾಪಾಸ್ಕಲ್ ಒತ್ತಡ ಹಿಡಿದರೆ ಸುಮಾರು 4 ಟನ್. ಅದೇ 20 ಮಿ.ಮೀ. ಮಾಡಿದರೆ 16 ಟನ್. 40 ಟನ್‌ನ ಯುಟಿಎಂ (ಲೋಹವನ್ನು ಎಳೆದು, ಒತ್ತಿ ಪರೀಕ್ಷಿಸುವ ಮಿಷನ್) ಇದ್ದರೆ ಎರಡೂ ಆರಾಮಾಗಿ ಆಗುತ್ತವೆ. ನಮ್ಮ ಕಡೆ ಇಕ್ಯಾಪ್ ಜನಪ್ರಿಯ ಆಗಿರುವುದಕ್ಕೆ ದೊಡ್ಡ ಕಾರಣ ಇದೇ: ಹೊಸ ಮಿಷನ್ ಬೇಡ, ಒಂದು ಡೈ ಸಾಕು.

ಪಾಸ್ ನಡುವೆ ಬಿಲ್ಲೆಟ್ ಹೇಗೆ ತಿರುಗಿಸುತ್ತೀರಿ ಎಂಬುದರ ಮೇಲೆ ರೂಟ್ ಹೆಸರು. ತಿರುಗಿಸದೆ ಹಾಕಿದರೆ ಎ ರೂಟ್. 180 ಡಿಗ್ರಿ ತಿರುಗಿಸಿದರೆ ಸಿ ರೂಟ್. ಪ್ರತಿ ಸಲ ಒಂದೇ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸಿದರೆ ಬಿ-ಸಿ ರೂಟ್. 90 ಡಿಗ್ರಿ ಡೈನಲ್ಲಿ ದುಂಡನೆಯ, ಸಮನಾದ ಗ್ರೇನ್ ಬೇಗ ಬರುವುದು ಬಿ-ಸಿ ರೂಟಿನಲ್ಲಿ. ಬೇರೆ ಕಾರಣ ಇಲ್ಲದಿದ್ದರೆ ಇದನ್ನೇ ಹಿಡಿಯಿರಿ. ದುಂಡು ಬಿಲ್ಲೆಟ್ ಒಮ್ಮೆ ಹೊರಗೆ ಬಂದು ಕೈ ಬದಲಾದರೆ ಯಾವ ಕಡೆ ಮೇಲಿತ್ತು ಎಂದು ಗೊತ್ತಾಗುವುದಿಲ್ಲ. ಹಿಂದಿನ ತುದಿಯ ಅಂಚಿನಲ್ಲಿ ಒಂದು ಸಣ್ಣ ಪಂಚ್ ಗುರುತು ಹಾಕಿಟ್ಟುಕೊಳ್ಳಿ. ಪೆನ್ನಿನ ಗುರುತು ಮಾಲಿಬ್ಡಿನಂ ಗ್ರೀಸ್‌ನಲ್ಲಿ ಅಳಿಸಿ ಹೋಗುತ್ತದೆ.

ಬಿಲ್ಲೆಟ್‌ನ ಎರಡೂ ತುದಿಯಲ್ಲಿ ಸ್ಟ್ರೇನ್ ಸಮನಾಗಿ ಬೀಳುವುದಿಲ್ಲ. ಟೆನ್ಸೈಲ್ ಸ್ಯಾಂಪಲ್ (ಎಳೆದು ಬಲ ನೋಡುವ ತುಂಡು) ಯಾವಾಗಲೂ ನಡುಭಾಗದಿಂದ ತೆಗೆಯಿರಿ. ತುದಿ ಕತ್ತರಿಸಿ ಎಸೆಯುವ ಲೆಕ್ಕ ಮೊದಲೇ ಹಿಡಿದು 60–70 ಮಿ.ಮೀ. ಉದ್ದ ಇಟ್ಟುಕೊಳ್ಳಿ.

ಎಝಡ್31 ಥರದ ಮೆಗ್ನೀಷಿಯಂ ತೆಗೆದುಕೊಂಡಿದ್ದರೆ ಕೋಣೆಯ ತಾಪದಲ್ಲಿ ಒತ್ತಲೇಬೇಡಿ. ಅದರ ಷಟ್ಕೋನ ರಚನೆಯಲ್ಲಿ ಸುಲಭವಾಗಿ ಜಾರುವ ತಲ ಒಂದೇ, ಹಾಗಾಗಿ ಹೋಳು ಹೋಳಾಗಿ ಸೀಳುತ್ತದೆ. ಡೈ ಸುತ್ತ ಬ್ಯಾಂಡ್ ಹೀಟರ್ ಹಾಕಿ 200–250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುರು ಮಾಡಿ. ಗ್ರೇನ್ ಸ್ವಲ್ಪ ಸಣ್ಣ ಆದ ಮೇಲೆ ಮುಂದಿನ ಪಾಸ್‌ಗಳಲ್ಲಿ ತಾಪ ಇಳಿಸುತ್ತಾ ಬರಬಹುದು.

ಎಚ್‌ಪಿಟಿ: ಅದ್ಭುತ, ಆದರೆ ಬಿಲ್ಲೆಯಷ್ಟೇ

ಹೈ ಪ್ರೆಶರ್ ಟಾರ್ಶನ್‌ನ ಮೂಲ ಬ್ರಿಜ್‌ಮನ್ ಅವರದು. ಹೆಚ್ಚಿನ ಒತ್ತಡದ ಭೌತಶಾಸ್ತ್ರಕ್ಕೆ 1946ರಲ್ಲಿ ನೊಬೆಲ್ ಪಡೆದವರು. ತೆಳು ಬಿಲ್ಲೆಯನ್ನು ಎರಡು ಆನ್ವಿಲ್‌ಗಳ ನಡುವೆ ಹಲವು ಗಿಗಾಪಾಸ್ಕಲ್ ಒತ್ತಡದಲ್ಲಿ ಹಿಡಿದು ಒಂದು ಆನ್ವಿಲ್ ತಿರುಗಿಸುತ್ತಾರೆ.

ಗ್ರೇನ್ ಸಣ್ಣ ಮಾಡುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಶಿಯರ್ ಸ್ಟ್ರೇನ್ ಎಷ್ಟೆಂದರೆ ಎರಡು ಪೈ ಗುಣಿಸು ತ್ರಿಜ್ಯ ಗುಣಿಸು ಸುತ್ತುಗಳ ಸಂಖ್ಯೆ, ಭಾಗಿಸು ದಪ್ಪ. 10 ಮಿ.ಮೀ. ವ್ಯಾಸ, 0.8 ಮಿ.ಮೀ. ದಪ್ಪದ ಬಿಲ್ಲೆಯ ಅಂಚಿನಲ್ಲಿ ಒಂದೇ ಸುತ್ತಿಗೆ ಶಿಯರ್ 39 ದಾಟುತ್ತದೆ. ಅದನ್ನು ಇಕ್ಯಾಪ್ ಜೊತೆ ಹೋಲಿಸಬಹುದಾದ ಸಮಾನ ಸ್ಟ್ರೇನ್‌ಗೆ ಬದಲಿಸಿದರೆ 22ರ ಮೇಲೆ. ಇಕ್ಯಾಪ್‌ನಲ್ಲಿ ಇಪ್ಪತ್ತು ಪಾಸ್ ಮಾಡಿದರೂ ಅಷ್ಟು ಬರುವುದು ಕಷ್ಟ. ಒತ್ತಡ ಅಷ್ಟು ಇರುವುದರಿಂದ ಬಿರುಕು ಬಿಡುವ ಗಟ್ಟಿ ಲೋಹಗಳೂ ಸೀಳದೆ ತಿರುಗುತ್ತವೆ.

ತೊಂದರೆ ಎರಡು. ಲೆಕ್ಕದ ಪ್ರಕಾರ ನಡುಮಧ್ಯೆ ತ್ರಿಜ್ಯ ಸೊನ್ನೆ, ಸ್ಟ್ರೇನ್ ಸೊನ್ನೆ. ನಿಜದಲ್ಲಿ ಸುತ್ತು ಹೆಚ್ಚಾದಂತೆ ನಡುವೂ ಗಟ್ಟಿಯಾಗುತ್ತದೆ, ಆದರೂ ಕಡಿಮೆ ಸುತ್ತಿನಲ್ಲಿ ಅಂಚಿಗೂ ನಡುವಿಗೂ ಹಾರ್ಡ್‌ನೆಸ್ ಬೇರೆ ಇರುತ್ತದೆ. ಇನ್ನೊಂದು, ತುಂಡಿನ ಗಾತ್ರ. ಆ ಬಿಲ್ಲೆ ಅಲ್ಯೂಮಿನಿಯಂ ಆದರೆ ಅದರ ತೂಕ ಸುಮಾರು 0.17 ಗ್ರಾಂ. ಅದರಲ್ಲಿ ಮಾಮೂಲಿ ಟೆನ್ಸೈಲ್ ಸ್ಯಾಂಪಲ್ ಹೇಗೆ ಕತ್ತರಿಸುತ್ತೀರಿ? ಮಿಷನ್ ವಿಷಯಕ್ಕೆ ಬಂದರೆ, 10 ಮಿ.ಮೀ. ಬಿಲ್ಲೆಗೆ 6 ಗಿಗಾಪಾಸ್ಕಲ್ ಎಂದರೆ 48 ಟನ್. ಕಾಲೇಜಿನ ಯುಟಿಎಂ ಮಿತಿ ಅಲ್ಲೇ ದಾಟಿತು, ಮೇಲೆ ಅಷ್ಟು ಲೋಡಿನಲ್ಲಿ ತಿರುಗಿಸುವ ವ್ಯವಸ್ಥೆ ಬೇರೆ ಬೇಕು.

ಎಚ್‌ಪಿಟಿ ಸೌಲಭ್ಯ ಇರುವ ದೊಡ್ಡ ಲ್ಯಾಬ್‌ನವರು ನಿಮ್ಮನ್ನು ಸೇರಿಸಿಕೊಂಡರೆ ಸಂತೋಷವಾಗಿ ಹೋಗಿ. ನೀವೇ ಕಟ್ಟಲು ಹೋಗಬೇಡಿ.

ಶೀಟ್ ಇದ್ದರೆ ಎಆರ್‌ಬಿ

ಅಕ್ಯುಮುಲೇಟಿವ್ ರೋಲ್ ಬಾಂಡಿಂಗ್ ಅನ್ನು ಒಸಾಕಾ ವಿಶ್ವವಿದ್ಯಾಲಯದ ಸೈತೊ, ತ್ಸುಜಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಎರಡು ಶೀಟ್ ಒಂದರ ಮೇಲೊಂದು ಇಟ್ಟು ಅರ್ಧ ದಪ್ಪಕ್ಕೆ ರೋಲ್ ಮಾಡಿ. ಎರಡೂ ಅಂಟಿ ಒಂದೇ ಶೀಟ್ ಆಗುತ್ತದೆ, ದಪ್ಪ ಮೊದಲಿನಷ್ಟೇ. ಅದನ್ನು ನಡುವೆ ಕತ್ತರಿಸಿ ಮತ್ತೆ ಪೇರಿಸಿ, ಮತ್ತೆ ರೋಲ್ ಮಾಡಿ. ಒಂದು ಸುತ್ತಿಗೆ ಸ್ಟ್ರೇನ್ 0.8. ಹತ್ತು ಸುತ್ತು ಆದರೆ ಒಂದು ಶೀಟ್ ಒಳಗೆ 1024 ಪದರ. 1100 ದರ್ಜೆಯ ಅಲ್ಯೂಮಿನಿಯಂನಲ್ಲಿ ಮೊದಲು 84 ಮೆಗಾಪಾಸ್ಕಲ್ ಇದ್ದ ಟೆನ್ಸೈಲ್ ಬಲ ಇದರಿಂದ 304ಕ್ಕೆ ಏರಿದ್ದನ್ನು ಅವರೇ ತೋರಿಸಿದರು.

ಇಲ್ಲಿ ಎಲ್ಲವೂ ಅಂಟುವುದರ ಮೇಲೆ ನಿಂತಿದೆ. ಎದುರುಬದುರಾಗುವ ಎರಡೂ ಮೈಗೆ ಅಸಿಟೋನ್ ಹಾಕಿ ಜಿಡ್ಡು ತೆಗೆಯಬೇಕು. ಆಮೇಲೆ ಸ್ಟೀಲ್ ವೈರ್ ಬ್ರಷ್‌ನಿಂದ ಒರಟಾಗುವವರೆಗೆ ಉಜ್ಜಬೇಕು. ಉಜ್ಜಿದ ಮೈಯನ್ನು ಬೆರಳಿನಿಂದ ಮುಟ್ಟಬಾರದು. ತಡ ಮಾಡದೆ ಪೇರಿಸಿ, ಮೂಲೆಗಳಲ್ಲಿ ತಂತಿ ಕಟ್ಟಿ, ಅಲ್ಯೂಮಿನಿಯಂ ಆದರೆ 200 ಡಿಗ್ರಿ ಸುಮಾರಿಗೆ ಸ್ವಲ್ಪ ಹೊತ್ತು ಕಾಯಿಸಿ, ಎಣ್ಣೆ ಹಾಕದೆ ರೋಲ್‌ಗೆ ಕೊಡಬೇಕು. ಒಂದೇ ಪಾಸ್‌ನಲ್ಲಿ 50 ಪರ್ಸೆಂಟ್ ಇಳಿಸಬೇಕು. ಸ್ವಲ್ಪ ಸ್ವಲ್ಪ ಇಳಿಸಿದರೆ ಪದರ ಅಂಟುವುದಿಲ್ಲ. ಅಕ್ಕಸಾಲಿಗರ ಕೈ ಮಿಲ್ ಇದಕ್ಕೆ ಆಗದು. ಸುತ್ತು ಹೆಚ್ಚಾದಂತೆ ಅಂಚು ಬಿರಿಯುತ್ತದೆ, ಪ್ರತಿ ಸಲ ಬಿರಿದ ಅಂಚು ಕತ್ತರಿಸಬೇಕು, ಶೀಟ್ ಅಗಲ ಕಮ್ಮಿ ಆಗುತ್ತಾ ಬರುತ್ತದೆ.

ಒಳ್ಳೆಯ ಪವರ್ ರೋಲಿಂಗ್ ಮಿಲ್ ಸಿಗುವುದಾದರೆ ಮಾತ್ರ ಎಆರ್‌ಬಿ ಹಿಡಿಯಿರಿ. ಸಿಕ್ಕರೆ ಒಂದು ದೊಡ್ಡ ಲಾಭ ಇದೆ: ತಾಮ್ರ ಮತ್ತು ಅಲ್ಯೂಮಿನಿಯಂ ಥರ ಎರಡು ಬೇರೆ ಲೋಹಗಳನ್ನು ಪದರ ಪದರವಾಗಿ ಸೇರಿಸಬಹುದು.

ಡೈಗೂ ಕಾಸಿಲ್ಲದವರಿಗೆ ಎಂಡಿಎಫ್

ಮಲ್ಟಿ ಡೈರೆಕ್ಷನಲ್ ಫೋರ್ಜಿಂಗ್ ಬಗ್ಗೆ ನಮ್ಮ ಕಡೆ ಮಾತು ಕಮ್ಮಿ. ನನ್ನ ಪ್ರಕಾರ ಸಣ್ಣ ಊರಿನ ಕಾಲೇಜಿಗೆ ಇದಕ್ಕಿಂತ ಹೊಂದುವ ವಿಧಾನ ಇಲ್ಲ. ಮುದ್ದೆ ಕಟ್ಟುವವರು ಒಂದೇ ಕಡೆ ಒತ್ತದೆ ತಿರುಗಿಸಿ ತಿರುಗಿಸಿ ಒತ್ತುವ ಹಾಗೆ, ಇಟ್ಟಿಗೆ ಆಕಾರದ ತುಂಡನ್ನು ಒಂದು ದಿಕ್ಕಿನಲ್ಲಿ ಒತ್ತಿ, 90 ಡಿಗ್ರಿ ತಿರುಗಿಸಿ ಇನ್ನೊಂದು ದಿಕ್ಕಿನಲ್ಲಿ, ಮತ್ತೆ ತಿರುಗಿಸಿ ಮೂರನೇ ದಿಕ್ಕಿನಲ್ಲಿ ಒತ್ತುತ್ತೀರಿ.

ತುಂಡಿನ ಬದಿಗಳನ್ನು 1, 1.22, 1.5 ಅನುಪಾತದಲ್ಲಿ ಇಟ್ಟರೆ ಲೆಕ್ಕ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. 1.5ರ ಬದಿಯನ್ನು 1ಕ್ಕೆ ಇಳಿಸಿದಾಗ ಉಳಿದ ಎರಡೂ ಬದಿ 1.22 ಪಟ್ಟು ಹಿಗ್ಗುತ್ತವೆ. 1 ಇದ್ದದ್ದು 1.22 ಆಗುತ್ತದೆ, 1.22 ಇದ್ದದ್ದು 1.5 ಆಗುತ್ತದೆ. ಅಂದರೆ ತುಂಡು ಮತ್ತೆ ಅದೇ ಆಕಾರ, ದಿಕ್ಕು ಮಾತ್ರ ಬೇರೆ! ಒಂದು ಒತ್ತಿಗೆ ಸ್ಟ್ರೇನ್ 0.4. ಹತ್ತು ಸಲ ಒತ್ತಿದರೆ 4, ಅಂದರೆ 90 ಡಿಗ್ರಿ ಡೈನಲ್ಲಿ ಇಕ್ಯಾಪ್ ನಾಲ್ಕು ಪಾಸ್‌ನಷ್ಟು.

20, 24.5, 30 ಮಿ.ಮೀ. ತುಂಡು ತೆಗೆದುಕೊಂಡರೆ ಕೊನೆಯಲ್ಲಿ ಒತ್ತುವ ಮೈ 735 ಚದರ ಮಿ.ಮೀ. ಅಲ್ಯೂಮಿನಿಯಂಗೆ 150 ಮೆಗಾಪಾಸ್ಕಲ್ ಹಿಡಿದರೆ 11 ಟನ್. ಎರಡು ಗಟ್ಟಿ ಪ್ಲೇಟ್, ಗ್ರಾಫೈಟ್ ಗ್ರೀಸ್, ಯುಟಿಎಂ, ಇಷ್ಟು ಸಾಕು. ತುಂಡಿನ ಬದಿ ಉಬ್ಬುತ್ತದೆ, ಆಗಾಗ ಮಿಲ್ಲಿಂಗ್‌ನಲ್ಲಿ ಸಮ ಮಾಡಿಕೊಳ್ಳಬೇಕು. ಉಬ್ಬಿದ ಮೈಯನ್ನು ಹಾಗೇ ಮುಂದಿನ ಸಲ ಒತ್ತಿದರೆ ಮಡಿಕೆ ಒಳಗೆ ಸೇರಿಕೊಂಡು ಬಿರುಕಿಗೆ ದಾರಿ ಆಗುತ್ತದೆ. ನಡುಭಾಗದಲ್ಲಿ ಸ್ಟ್ರೇನ್ ಜಾಸ್ತಿ, ಮೂಲೆಗಳಲ್ಲಿ ಕಮ್ಮಿ. ಇಕ್ಯಾಪ್‌ನಷ್ಟು ಸಮ ಬರುವುದಿಲ್ಲ. ಅದನ್ನು ಹಾರ್ಡ್‌ನೆಸ್ ಮ್ಯಾಪ್ ಹಾಕಿ ತೋರಿಸಿದರೆ ಅದೇ ಒಂದು ಒಳ್ಳೆಯ ಅಧ್ಯಾಯ.

ಎರಕದ ಪೀಸ್ ಆದರೆ

ಎ356 ಥರದ ಎರಕದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಸೂಜಿಗಳು, ಗಾಳಿಗುಳ್ಳೆಗಳು ಇರುತ್ತವೆ. ಇಡೀ ಪೀಸ್ ಒತ್ತಲು ಆಗುವುದಿಲ್ಲ, ತೇಯುವ ಜಾಗ ಮಾತ್ರ ಗಟ್ಟಿ ಆಗಬೇಕು. ಇಲ್ಲಿ ಫ್ರಿಕ್ಷನ್ ಸ್ಟರ್ ಪ್ರೊಸೆಸಿಂಗ್ ನೋಡಿ. ತಿರುಗುವ ಟೂಲ್ ಮೈಯೊಳಗೆ ಇಳಿದು ಕೆಲವು ಮಿಲಿಮೀಟರ್ ಆಳದವರೆಗೆ ಕಲಸುತ್ತದೆ. ಸೂಜಿಗಳು ಮುರಿಯುತ್ತವೆ, ಗುಳ್ಳೆಗಳು ಮುಚ್ಚಿಕೊಳ್ಳುತ್ತವೆ. ಗಟ್ಟಿಮುಟ್ಟಾದ ಮಿಲ್ಲಿಂಗ್ ಮಿಷನ್ನಿನಲ್ಲೇ ಮಾಡಬಹುದು, ಎಚ್13 ಸ್ಟೀಲಿನ ಟೂಲ್ ಸಾಕು. ಉಜ್ಜಾಟದ ಶಾಖ ಇರುವುದರಿಂದ ಗ್ರೇನ್ ಸಾಮಾನ್ಯವಾಗಿ ಕೆಲವು ಮೈಕ್ರಾನ್‌ಗೆ ನಿಲ್ಲುತ್ತದೆ, ಸಬ್‌ಮೈಕ್ರಾನ್ ಬೇಕೆಂದರೆ ತಂಪು ಮಾಡುವ ವ್ಯವಸ್ಥೆ ಬೇಕು.

ಆಮೇಲೆ ಬಿಸಿ ಕಂಡರೆ?

ಇದನ್ನು ಎಷ್ಟು ಒತ್ತಿ ಹೇಳಿದರೂ ಕಮ್ಮಿ. ಇಷ್ಟು ಸಣ್ಣ ಗ್ರೇನ್‌ಗಳು ಒಳಗೊಳಗೇ ದೊಡ್ಡದಾಗಲು ಕಾಯುತ್ತಿರುತ್ತವೆ. ಶುದ್ಧ ತಾಮ್ರದಲ್ಲಿ 150–200 ಡಿಗ್ರಿಗೇ ಗ್ರೇನ್ ಮತ್ತೆ ಬೆಳೆದುಬಿಡಬಹುದು. ಪೌಡರ್ ಕೋಟಿಂಗ್ ಓವನ್ ಸಾಮಾನ್ಯವಾಗಿ 180–200 ಡಿಗ್ರಿ ಇರುತ್ತದೆ. ಅಷ್ಟೆಲ್ಲ ಒತ್ತಿ ಕೊನೆಗೆ ಕೋಟಿಂಗ್‌ಗೆ ಕಳಿಸಿದರೆ ಮಾಡಿದ್ದೆಲ್ಲ ವ್ಯರ್ಥ. ವೆಲ್ಡಿಂಗ್ ಅಂತೂ ಬೇಡವೇ ಬೇಡ. ಬಿಸಿ ತಡೆಯಬೇಕಾದರೆ ಸ್ಕ್ಯಾಂಡಿಯಂ, ಜಿರ್ಕೋನಿಯಂ ಸೇರಿದ ಅಲ್ಯೂಮಿನಿಯಂ ಬೇಕು. ಅದರಲ್ಲಿನ ಸಣ್ಣ ಕಣಗಳು ಬೌಂಡರಿ ಸರಿಯದಂತೆ ಹಿಡಿದಿಡುತ್ತವೆ. ಅಂಥ ಅಲ್ಯೂಮಿನಿಯಂ-ಮೆಗ್ನೀಷಿಯಂ-ಸ್ಕ್ಯಾಂಡಿಯಂ ಮಿಶ್ರಲೋಹ ಇಕ್ಯಾಪ್ ಆದ ಮೇಲೆ 400 ಡಿಗ್ರಿಯಲ್ಲಿ ಹರಿಯದೆ 2000 ಪರ್ಸೆಂಟ್‌ಗೂ ಮೀರಿ ಹಿಗ್ಗಿದ ದಾಖಲೆ ಇದೆ.

6061 ಅಲ್ಯೂಮಿನಿಯಂ ತೆಗೆದುಕೊಂಡಿದ್ದರೆ ಟಿ6 ಸ್ಥಿತಿಯಲ್ಲಿ (ಏಜಿಂಗ್ ಮಾಡಿ ಆಗಲೇ ಗಟ್ಟಿಯಾಗಿರುವ ಸ್ಥಿತಿ) ಒತ್ತಬೇಡಿ. ಮೊದಲು ಸೊಲ್ಯೂಷನ್ ಟ್ರೀಟ್ಮೆಂಟ್ (ಹೆಚ್ಚು ಕಾಯಿಸಿ ತಕ್ಷಣ ತಣಿಸುವುದು), ಕೂಡಲೇ ಇಕ್ಯಾಪ್, ಆಮೇಲೆ 175 ಡಿಗ್ರಿಯ ಮಾಮೂಲಿ ಏಜಿಂಗ್ (ಹದ ಬಿಸಿಯಲ್ಲಿಟ್ಟು ಗಟ್ಟಿ ಮಾಡುವುದು) ಬದಲು 100 ಡಿಗ್ರಿ ಆಸುಪಾಸಿನಲ್ಲಿ ಏಜಿಂಗ್.

ಒಂದು ಮಾತು ನೇರವಾಗಿ ಹೇಳಬೇಕು. ಸುಮ್ನೆ ಗಟ್ಟಿ ಅಲ್ಯೂಮಿನಿಯಂ ಬೇಕು ಎಂದರೆ ಎಸ್‌ಪಿಡಿ ಬೇಡ, 7075 ಟಿ6 ಕೊಳ್ಳಿ, ಅದರ ಯೀಲ್ಡ್ ಬಲ (ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ) 500 ಮೆಗಾಪಾಸ್ಕಲ್ ಸುಮಾರಿದೆ. ಎಸ್‌ಪಿಡಿಗೆ ಅರ್ಥ ಇರುವುದು ಬೇರೆ ಲೋಹ ಬೆರೆಸಬಾರದ ಕಡೆ. ದೇಹದೊಳಗೆ ಕೂರಿಸುವ ಟೈಟೇನಿಯಂನಲ್ಲಿ ವನೇಡಿಯಂ, ಅಲ್ಯೂಮಿನಿಯಂ ಬೇಡ ಎಂದರೆ ಶುದ್ಧ ಟೈಟೇನಿಯಂನ ಗ್ರೇನ್ ಸಣ್ಣ ಮಾಡಿ ಅದರ ಬಲವನ್ನು 1000 ಮೆಗಾಪಾಸ್ಕಲ್ ದಾಟಿಸಬಹುದು. ವಿದ್ಯುತ್ ತಂತಿಯಲ್ಲೂ ಹಾಗೇ: ಬೆರೆತ ಲೋಹ ವಾಹಕತೆಯನ್ನು ಕೆಡಿಸುವಷ್ಟು ಗ್ರೇನ್ ಬೌಂಡರಿ ಕೆಡಿಸುವುದಿಲ್ಲ. ಇದಕ್ಕೆ ಬೆಲೆಯೂ ಇದೆ. ಬಲ ಏರಿದಂತೆ ಲೋಹ ಸಮವಾಗಿ ಹಿಗ್ಗುವ ಗುಣ ಇಳಿಯುತ್ತದೆ, ಟೆನ್ಸೈಲ್ ಸ್ಯಾಂಪಲ್ ಒಂದೇ ಕಡೆ ಸಣ್ಣಗಾಗಿ ಬೇಗ ಕುತ್ತಿಗೆ ಬಿಡುತ್ತದೆ. ಇದನ್ನೂ ರಿಪೋರ್ಟಿನಲ್ಲಿ ಬರೆಯಿರಿ.

ಅಳೆಯುವುದು ಹೇಗೆ

ವಿಧಾನ ಆರಿಸುವ ದಿನವೇ ಇದನ್ನೂ ಯೋಚಿಸಿ. ಕಾಲೇಜಿನ ಆಪ್ಟಿಕಲ್ ಮೈಕ್ರೋಸ್ಕೋಪ್‌ಗೆ 0.2–0.3 ಮೈಕ್ರಾನ್‌ಗಿಂತ ಸಣ್ಣದನ್ನು ಬಿಡಿಸಿ ತೋರಿಸುವ ಶಕ್ತಿ ಇಲ್ಲ. ಕೆಲ್ಲರ್ ರಿಯೇಜೆಂಟ್ ಎಂಬ ಆಸಿಡ್ ದ್ರಾವಣ ಹಾಕಿ ಎಚಿಂಗ್ ಮಾಡಿದಾಗ ಕಾಣುವ ಉದ್ದುದ್ದ ಗೆರೆಗಳು ಬಹುಪಾಲು ಹಳೆಯ ಗ್ರೇನ್‌ನ ಹಿಗ್ಗಿದ ಗಡಿಗಳು. ಹೊಸ ಸಣ್ಣ ಗ್ರೇನ್ ನೋಡಲು ಟಿಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಅಥವಾ ಇಬಿಎಸ್‌ಡಿ (ಎಲೆಕ್ಟ್ರಾನ್ ಕಿರಣದಿಂದ ಗ್ರೇನ್ ದಿಕ್ಕು ಅಳೆಯುವ ವಿಧಾನ) ಬೇಕು. ಎಷ್ಟು ಬೌಂಡರಿ 15 ಡಿಗ್ರಿ ದಾಟಿದೆ ಎಂಬುದನ್ನು ಇಬಿಎಸ್‌ಡಿ ನೇರವಾಗಿ ಎಣಿಸಿ ಕೊಡುತ್ತದೆ. ಬೆಂಗಳೂರಿನ ಐಐಎಸ್‌ಸಿಯಂಥ ಕಡೆ ಈ ಸೌಲಭ್ಯ ಇದೆ, ಆದರೆ ಸರದಿ ಇರುತ್ತದೆ. ಡೈ ಆರ್ಡರ್ ಕೊಡುವ ವಾರವೇ ಅಲ್ಲಿಗೂ ಅರ್ಜಿ ಹಾಕಿ.

ದುಡ್ಡು ಕಮ್ಮಿ ಇದ್ದರೆ ಎಲ್ಲ ಪಾಸ್‌ಗಳ ಸ್ಯಾಂಪಲ್ ಕಳಿಸಬೇಡಿ. ಆನೀಲ್ ಮಾಡಿದ (ಕಾಯಿಸಿ ಮೆತ್ತಗಾಗಿಸಿದ) ಮೂಲ ತುಂಡು, ಮೊದಲ ಪಾಸ್, ಕೊನೆಯ ಪಾಸ್, ಮೂರು ಸಾಕು. ಉಳಿದದ್ದಕ್ಕೆ ವಿಕರ್ಸ್ ಹಾರ್ಡ್‌ನೆಸ್ ಇದೆ. ಮೂಲ ತುಂಡಿನಿಂದ ಒಂದು ಹೋಳನ್ನು ಶುರುವಿನಲ್ಲೇ ಕತ್ತರಿಸಿ, ಹೆಸರು ಬರೆದು, ಬೇರೆ ಕವರಿನಲ್ಲಿ ಎತ್ತಿಡಿ. ಅಂಗಡಿಯಿಂದ ತಂದ ಇನ್ನೊಂದು ಸರಳು ಅದೇ ದರ್ಜೆಯದಾದರೂ ಅದರ ಗ್ರೇನ್ ಅದೇ ಇರುವುದಿಲ್ಲ.